ಬಿಸ್ಕತ್ ತಳ ಯಾಕೆ ಉದುರುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಓವನ್ ಇಲ್ಲ. ಬಿಸ್ಕತ್ ಪುಡಿಗೆ ಬೆಣ್ಣೆ ಕಲಸಿ, ಫ್ರಿಜ್‌ನಲ್ಲಿಟ್ಟು ಪೈಗೆ (ಒಳಗೆ ಕಸ್ಟರ್ಡ್‌ನಂಥದ್ದು ತುಂಬಿದ ಸಿಹಿತಿಂಡಿ) ತಳ ಮಾಡುತ್ತೇನೆ. ನೋಡೋಕೆ ಚೆನ್ನಾಗಿರುತ್ತದೆ, ಚಾಕು ಹಾಕಿದರೆ ಪುಡಿಪುಡಿ. ಹೋದ ಸಲ ಬೆಣ್ಣೆ ಜಾಸ್ತಿ ಹಾಕಿದೆ. ಆಗ ಚಮಚವೂ ಇಳಿಯದಷ್ಟು ಗಟ್ಟಿಯಾಗಿ ತಟ್ಟೆಗೇ ಕಚ್ಚಿಕೊಂಡಿತು. ಏನು ಮಾಡಲಿ?

ಉತ್ತರ: ಬೆಣ್ಣೆಯನ್ನು ಬೈಯುವ ಮೊದಲು ಪುಡಿಯನ್ನು ನೋಡಿ. ನನ್ನ ಗುಮಾನಿ ಅದರ ಮೇಲೆಯೇ.

ಓವನ್‌ನಲ್ಲಿಟ್ಟ ತಳದಲ್ಲಿ ಸಕ್ಕರೆ ಕರಗುತ್ತದೆ, ಆರಿದಾಗ ಗಟ್ಟಿಯಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಬೇಯಿಸದ ತಳಕ್ಕೆ ಆ ಆಸರೆ ಇಲ್ಲ. ತಣ್ಣಗಾಗಿ ಗಟ್ಟಿಯಾದ ಬೆಣ್ಣೆಯೇ ಎಲ್ಲವನ್ನೂ ಹಿಡಿಯಬೇಕು. ನಡುವೆ ದಪ್ಪ ಚೂರುಗಳಿದ್ದರೆ ಚಾಕು ಅದಕ್ಕೆ ತಗುಲಿ ಸುತ್ತಲಿನದನ್ನೂ ಎಬ್ಬಿಸಿಬಿಡುತ್ತದೆ. ಹಾಗಾಗಿ ಪುಡಿ ಸಣ್ಣ ರವೆಯ ಹಾಗಿರಲಿ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮಿಕ್ಸಿ ಬೇಡವೆಂದರೆ ಗಟ್ಟಿ ಕವರ್‌ಗೆ ಹಾಕಿ ಲಟ್ಟಣಿಗೆ ಆಡಿಸಿ, ಆಮೇಲೆ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳಿ, ಅದು ಅಡುಗೆ ಮಾಡಿದವರ ಪಾಲು.

9 ಇಂಚಿನ ತಟ್ಟೆಗೆ 170 ಗ್ರಾಂ ಪುಡಿ, 80 ಗ್ರಾಂ ಕರಗಿಸಿದ ಬೆಣ್ಣೆ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಸಕ್ಕರೆಯನ್ನೂ ಪುಡಿ ಮಾಡಿಯೇ ಹಾಕಿ. ಇಲ್ಲಿ ಕರಗಿಸೋಕೆ ಬೆಂಕಿ ಇಲ್ಲವಲ್ಲ, ಹರಳು ಹಾಗೇ ಉಳಿದು ಕರಕರ ಅನ್ನುತ್ತದೆ. ಉಪ್ಪನ್ನು ಮಾತ್ರ ಬಿಡಬೇಡಿ, ಅದಿಲ್ಲದಿದ್ದರೆ ಬರೀ ಸಿಹಿ.

ಕಲಸಿದ್ದನ್ನು ಒಂದು ಹಿಡಿ ತೆಗೆದುಕೊಂಡು ಅದುಮಿ ನೋಡಿ. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಬಿಸ್ಕತ್‌ನಿಂದ ಬಿಸ್ಕತ್‌ಗೆ ಜಿಡ್ಡು ಬೇರೆ, ಆದ್ದರಿಂದ ಅಳತೆಗಿಂತ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಉಂಡೆ ನಿಲ್ಲದಿದ್ದರೆ ಒಂದೊಂದೇ ಚಮಚ ಬೆಣ್ಣೆ ಸೇರಿಸಿ. ಅಂಗೈಗೆ ಬೆಣ್ಣೆ ಜಿನುಗಿದರೆ ಇನ್ನಷ್ಟು ಪುಡಿ ಸೇರಿಸಿ. ಹೋದ ಸಲ ನಿಮಗೆ ಆಗಿದ್ದು ಇದೇ: ಹೆಚ್ಚಾದ ಬೆಣ್ಣೆ ತಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗಿದೆ.

ಒತ್ತುವಾಗ ಮೊದಲು ಅಂಚು, ಆಮೇಲೆ ನಡುಭಾಗ. ಚಪ್ಪಟೆ ತಳದ ಲೋಟ ಸಾಕು. ಅಂಚೂ ತಳವೂ ಸೇರುವ ಮೂಲೆಯಲ್ಲಿ ಪುಡಿ ಸುಮ್ನೆ ಗುಡ್ಡೆಯಾಗುತ್ತದೆ, ಅದನ್ನು ಲೋಟದ ಅಂಚಿನಿಂದ ಮೇಲಕ್ಕೆ ತಳ್ಳಿ. ಅಂಚನ್ನು ಬಿಗಿಯಾಗಿ ಒತ್ತಿ. ನಡುವೆ ಅಷ್ಟು ಬಲ ಬೇಡ, ಜಾಸ್ತಿ ಒತ್ತಿದರೆ ತಿನ್ನುವಾಗ ಹಲ್ಲಿಗೆ ಕೆಲಸ. ಆಮೇಲೆ ಫ್ರಿಜ್‌ನಲ್ಲಿ ಎರಡು ಗಂಟೆ, ಅವಸರವಿದ್ದರೆ ಫ್ರೀಜರ್‌ನಲ್ಲಿ ಅರ್ಧ ಗಂಟೆ. ಒಳಗೆ ತುಂಬುವುದು ಪೂರ್ತಿ ಆರಿರಲಿ. ಬಿಸಿ ಕಸ್ಟರ್ಡ್ ಸುರಿದರೆ ಬೆಣ್ಣೆ ಮತ್ತೆ ಕರಗಿ ಪಟ್ಟ ಪಾಡೆಲ್ಲ ನೀರುಪಾಲು. ಕತ್ತರಿಸುವ ಮುನ್ನ ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಮೇಲೆ ತಟ್ಟೆಯನ್ನು ಅರ್ಧ ನಿಮಿಷ ಇಟ್ಟರೆ ತುಂಡು ಸಲೀಸಾಗಿ ಬಿಡುತ್ತದೆ.

ಪ್ರಶ್ನೆ: ಬೆಣ್ಣೆ ಬದಲು ಎಣ್ಣೆ ಹಾಕಬಹುದಾ? ಕ್ರೀಮ್ ಬಿಸ್ಕತ್ ಆಗುತ್ತದಾ?

ಉತ್ತರ: ಸೂರ್ಯಕಾಂತಿ ಎಣ್ಣೆಯಂಥದ್ದು ಬೇಡ. ಅದು ಫ್ರಿಜ್‌ನಲ್ಲೂ ಗಟ್ಟಿಯಾಗದು, ಮತ್ತೆ ಹಿಡಿಯುವವರು ಯಾರು? ತೆಂಗಿನೆಣ್ಣೆ ಆಗುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸೆಕೆ ಇದ್ದರೆ ಮಾತ್ರ ಫ್ರಿಜ್‌ನಿಂದ ತೆಗೆದ ಕೂಡಲೇ ಬಡಿಸಿ. ಕ್ರೀಮ್ ಬಿಸ್ಕತ್ ಧಾರಾಳವಾಗಿ ಬಳಸಿ, ಕ್ರೀಮ್ ಸಮೇತ ಪುಡಿ ಮಾಡಿ. ಅದರಲ್ಲೇ ಜಿಡ್ಡೂ ಸಕ್ಕರೆಯೂ ಇರುವುದರಿಂದ ಬೇರೆ ಸಕ್ಕರೆ ಬೇಡ, ಬೆಣ್ಣೆ 50 ಗ್ರಾಂನಿಂದ ಶುರು ಮಾಡಿ.