ತಮ್ಮನ ಮುಖ ನೋಡಲು ಪ್ರತಿ ಸಲ ಬೆಂಗಳೂರಿಗೆ ಬರಬೇಕಿಲ್ಲ
ಅಕ್ಕ, ನನ್ನ ತಮ್ಮ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ವಿಚಾರಣಾಧೀನ ಕೈದಿ, ರಾಯಚೂರಿನಿಂದ ಪದೇ ಪದೇ ಬರಲು ಆಗಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಜೈಲುಗಳ ಇ-ಪ್ರಿಸನ್ಸ್ ಜಾಲತಾಣದಲ್ಲಿ ಇ-ಮುಲಾಕಾತ್‌ಗೆ, ಅಂದರೆ ವಿಡಿಯೊ ಭೇಟಿಗೆ, ಅರ್ಜಿ ಹಾಕಿ. ಜೈಲಿನವರು ಒಪ್ಪಿದರೆ ಮೊಬೈಲಿನಲ್ಲೇ ಮುಖ ನೋಡಿ ಮಾತಾಡಬಹುದು.

ಕಾಗದ ಬರೆಯುವುದನ್ನಂತೂ ಬಿಡಬೇಡಿ. ಮಾತು ಬೇಗ ಮುಗಿಯುತ್ತದೆ, ಕಾಗದವನ್ನು ಅವನು ಮತ್ತೆ ಮತ್ತೆ ಓದಬಹುದು ಅಲ್ವಾ? ಊರಿನ ಮಳೆ, ಮನೆ ಸುದ್ದಿ ಬರೆಯಿರಿ. ಕೇಸಿನ ವಿಷಯ ಬೇಡ, ಜೈಲಿನವರು ತೆರೆದು ನೋಡುತ್ತಾರೆ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಹಕ್ಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಅವನ ಮೇಲೆ ಇದೊಂದೇ ಕೇಸಿದ್ದು, ಹಿಂದೆ ಶಿಕ್ಷೆ ಆಗಿಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದ ಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 479ನೇ ಕಲಂ ಅಡಿ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದು ಅನ್ವಯಿಸಲ್ಲ.