ಸೋರಿಕೆ ಕಾಣದೆ ಆಯಿಲ್ ಕಡಿಮೆಯಾಗುತ್ತಿದ್ದರೆ

ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ನಿಮ್ಮ ಡೀಸೆಲ್ ಪಿಕಪ್‌ನಲ್ಲಿ 1000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಇಳಿಯುತ್ತಿದೆ, ಎಂಜಿನ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ಮೊದಲು ಟರ್ಬೊದಿಂದ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಂಪಾಗಿಸುವ ಭಾಗ) ಹೋಗುವ ಪೈಪ್ ಕಳಚಿ ನೋಡಿ. ಒಳಗೆ ತೆಳ್ಳಗೆ ಪಸೆಯಿದ್ದರೆ ಚಿಂತೆಯಿಲ್ಲ, ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್‌ನಿಂದ ಅಷ್ಟು ಬಂದೇ ಬರುತ್ತದೆ. ಆಯಿಲ್ ಮಡುಗಟ್ಟಿ ನಿಂತಿದ್ದರೆ ಮಾತ್ರ ಗಾಡಿ ಓಡಿಸಲೇಬೇಡಿ. ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ತಾನಾಗಿ ರೇಸ್ ಆಗಬಹುದು, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಹಾಗಂತ ತಕ್ಷಣ ಹೊಸ ಟರ್ಬೊ ಕೊಳ್ಳಬೇಡಿ. ಬ್ರೀದರ್ ಅಥವಾ ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಪೈಪ್ ಕಟ್ಟಿಕೊಂಡರೆ ಒಳ್ಳೆಯ ಟರ್ಬೊ ಕೂಡ ಆಯಿಲ್ ಉಗುಳುತ್ತದೆ.

ಬೆಳಗಿನ ಸ್ಟಾರ್ಟ್‌ನಲ್ಲಿ ಮಾತ್ರ ನೀಲಿ ಹೊಗೆ ಬಂದು ಹೋದರೆ ನನ್ನ ಅನುಮಾನ ವಾಲ್ವ್ ಸಂದಿಯಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಮೇಲೆ. ಲೋಡ್ ಎಳೆಯುವಾಗಲೂ ನೀಲಿ ಹೊಗೆ, ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದರೆ ರಭಸದಿಂದ ಆವಿ ಬರುವುದು, ಇವೆರಡೂ ಇದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗಲೂ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿದ ಮೇಲೆಯೇ ಬಿಚ್ಚುವ ಮಾತು.

ಕೂಲಂಟ್ ಟ್ಯಾಂಕ್‌ನಲ್ಲಿ ಜಿಡ್ಡು ತೇಲುತ್ತಿದೆಯಾ? ಹಾಗಿದ್ದರೆ ಕೂಲಂಟ್‌ನಿಂದ ಆಯಿಲನ್ನು ತಂಪಾಗಿಸುವ ಆಯಿಲ್ ಕೂಲರ್ ನೋಡಿಸಿ. ಇದ್ಯಾವುದೂ ಅಲ್ಲದಿದ್ದರೆ ಹೊರಗಿನ ಸೋರಿಕೆಯನ್ನೇ ಇನ್ನೊಮ್ಮೆ ಹುಡುಕಿ: ಓಡುವಾಗ ಮಾತ್ರ ಸೋರುವ ಆಯಿಲ್ ಗಾಳಿಗೆ ಹಿಂದಕ್ಕೆ ಎರಚಿಹೋಗುತ್ತದೆ, ನಿಂತಾಗ ತೊಟ್ಟಿಕ್ಕುವುದಿಲ್ಲ. ಅಡಿಭಾಗ ತೊಳೆಸಿ, ಒಂದು ಟ್ರಿಪ್ ಮುಗಿಸಿ ಬಂದು ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಟಾರ್ಚ್ ಹಾಕಿ.