ಪರ್ಸಿನಲ್ಲಿ ಬಚ್ಚಿಟ್ಟ ಮಾತ್ರೆ

ಪ್ರಶ್ನೆ: ನನಗೆ 47 ವರ್ಷ. ಸುರತ್ಕಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಆರು ವರ್ಷದಿಂದ ಶುಗರ್. ದಿನಕ್ಕೆ ಎಂಟು-ಹತ್ತು ಸಿಗರೇಟ್ ಸೇದುತ್ತೇನೆ. ಒಂದು ವರ್ಷದಿಂದ ಹೆಂಡತಿಯ ಜೊತೆ ಸೇರಲು ಆಗುತ್ತಿಲ್ಲ. ನಿಮಿರುವುದೇ ಇಲ್ಲ, ನಿಮಿರಿದರೂ ನಿಲ್ಲುವುದಿಲ್ಲ. ನಾಚಿಕೆಯಿಂದ ಚಾವಡಿಯಲ್ಲಿ ಮಲಗುತ್ತಿದ್ದೇನೆ. ನನಗೆ ಬೇರೆ ಯಾರೋ ಇದ್ದಾರೆ ಎಂದು ಅವಳಿಗೆ ಸಂಶಯ. ಗೆಳೆಯ ಕೊಟ್ಟ ಮಾತ್ರೆಯೊಂದು ಎರಡು ತಿಂಗಳಿಂದ ಪರ್ಸಿನಲ್ಲಿದೆ. ನುಂಗಲೇ? ಹೆಂಡತಿಗೆ ಹೇಳಲೇ?

ಉತ್ತರ: ಮಾತ್ರೆ ಈಗ ನುಂಗಬೇಡಿ. ಹೆಂಡತಿಗೆ ಇವತ್ತೇ ಹೇಳಿ.

ನಿಮಗೊಬ್ಬರಿಗೇ ಹೀಗಾಗಿದೆ ಅಂದುಕೊಂಡಿದ್ದೀರಿ ಅಲ್ವಾ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ ನೋಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 52 ಮಂದಿಗೆ ಸ್ವಲ್ಪವೋ ಜಾಸ್ತಿಯೋ ಈ ತೊಂದರೆ ಇತ್ತು. ನಿಮ್ಮ ಅಂಗಡಿಗೆ ಬರುವ ನಿಮ್ಮ ವಯಸ್ಸಿನವರಲ್ಲೂ ಇದನ್ನು ಅನುಭವಿಸುವವರು ಇದ್ದೇ ಇರುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಇದು ಗಂಡಸುತನದ ಪ್ರಶ್ನೆ ಅಲ್ಲ ಮಾರಾಯ್ರೇ, ರಕ್ತ ಹರಿಯುವ ಪ್ರಶ್ನೆ. ನಿಮಿರಬೇಕಾದರೆ ಅಲ್ಲಿಗೆ ರಕ್ತ ನುಗ್ಗಿ ಬರಬೇಕು, ಬಂದದ್ದು ನಿಲ್ಲಬೇಕು. ಶುಗರ್ ರಕ್ತನಾಳವನ್ನೂ ನರವನ್ನೂ ಎರಡನ್ನೂ ಹಾಳು ಮಾಡುತ್ತದೆ. ಸಿಗರೇಟ್ ನಾಳವನ್ನು ಬಿಗಿ ಮಾಡುತ್ತದೆ. ಬಿಪಿ, ಕೊಲೆಸ್ಟ್ರಾಲ್, ಹೊಟ್ಟೆಯ ಬೊಜ್ಜು, ಅತಿಯಾದ ಕುಡಿತ ಕೂಡ ಇದೇ ಕೆಲಸ ಮಾಡುತ್ತವೆ. ಮನಸ್ಸಿನ ಭಾರದಿಂದಲೂ, ಕೆಲವು ಬಿಪಿ ಮತ್ತು ಖಿನ್ನತೆಯ ಔಷಧಿಗಳಿಂದಲೂ ಹೀಗಾಗುತ್ತದೆ. ಹಾಗಂತ ನಿಮ್ಮ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.

ನನಗೆ ನಿಜವಾದ ಕಾಳಜಿ ಇರುವುದು ನಿಮ್ಮ ಹೃದಯದ ಬಗ್ಗೆ. ಶಿಶ್ನದ ರಕ್ತನಾಳ 1-2 ಮಿಲಿಮೀಟರ್ ದಪ್ಪ, ಹೃದಯದ್ದು 3-4. ಕೊಬ್ಬು ಕಟ್ಟಲು ಶುರುವಾದರೆ ಸಣ್ಣ ನಾಳ ಮೊದಲು ಸೋಲುತ್ತದೆ. ಎಷ್ಟೋ ಜನರಲ್ಲಿ ಎದೆನೋವು ಬರುವ ಎರಡು-ಮೂರು ವರ್ಷ ಮೊದಲೇ ಹಾಸಿಗೆಯಲ್ಲಿ ಈ ಸೂಚನೆ ಸಿಕ್ಕಿರುತ್ತದೆ. ನಿಮಗೆ ಶುಗರ್ ಇದೆ, ಸಿಗರೇಟೂ ಇದೆ. ದಯವಿಟ್ಟು ತಡಮಾಡಬೇಡಿ.

ಮೊದಲು ಶುಗರ್ ನೋಡುವ ನಿಮ್ಮ ಡಾಕ್ಟರ ಹತ್ತಿರವೇ ಹೋಗಿ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ನಂಬರ್ ಬರೆದವರ ಹತ್ತಿರ ಬೇಡ. ಮೂರು ತಿಂಗಳ ಸರಾಸರಿ ಶುಗರ್, ಬಿಪಿ, ಕೊಲೆಸ್ಟ್ರಾಲ್, ಇಸಿಜಿ, ಬೇಕಿದ್ದರೆ ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನ್ ನೋಡುತ್ತಾರೆ. ಬೆಳಿಗ್ಗೆ ಏಳುವಾಗ ನಿಮಿರುತ್ತದೆಯೇ ಎಂದೂ ಕೇಳುತ್ತಾರೆ. ಸಂಕೋಚ ಬೇಡ, ತೊಂದರೆ ದೇಹದ್ದೋ ಮನಸ್ಸಿನದೋ ಎಂದು ತಿಳಿಯಲು ಆ ಉತ್ತರ ಬೇಕು. ಪರ್ಸಿನ ಮಾತ್ರೆಯನ್ನೂ ಅವರಿಗೆ ತೋರಿಸಿ. ಈ ಮಾತ್ರೆಗಳು ಕೆಟ್ಟವಲ್ಲ, ಸರಿಯಾದವರಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ.

ಇನ್ನು ನಿಮ್ಮ ಹೆಂಡತಿ. ಒಂದು ವರ್ಷದಿಂದ ಗಂಡ ದೂರ ಮಲಗಿದರೆ ಅವರು ಮತ್ತೇನು ಅಂದುಕೊಳ್ಳಬೇಕು? "ನೀನು ಬೇಡ ಅಂತ ಅಲ್ಲ, ನನಗೆ ಆಗ್ತಾ ಇಲ್ಲ, ಹೇಳಲು ನಾಚಿಕೆಯಾಯಿತು" ಎಂದು ಹೇಳಿ. ಇಷ್ಟೇ ಸಾಕು. ಅವರು ಅತ್ತರೆ ಅಳಲಿ, ಪಕ್ಕದಲ್ಲೇ ಕೂತಿರಿ. ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಕರೆಯಿರಿ. ಮತ್ತೆ ಆ ಚಾವಡಿಯ ಚಾಪೆ, ಅದನ್ನು ಇವತ್ತು ರಾತ್ರಿಯೇ ಒಳಗೆ ತನ್ನಿ.